ಕವುಚಿ ಮಲಗಿದ್ದವನು

ಬೇಸಿಗೆ ರಜೆ ಬಂದರೆ ಜನ ಊಟಿಗೋ ಕೊಡಗಿಗೋ ಹೋಗುತ್ತಾರೆ. ನಾವು ಕಲ್ಲು ನೋಡಲು ಹೋಗುತ್ತೇವೆ. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಅಂತ ನಮ್ಮತ್ತೆ ಅಣ್ಣಮ್ಮನವರು ಪ್ರತಿ ಏಪ್ರಿಲ್ಲಿನಲ್ಲೂ ಹೇಳುತ್ತಾರೆ. ಹೇಳಿ, ಎಲ್ಲರಿಗಿಂತ ಮೊದಲು ಚಪ್ಪಲಿ ಮೆಟ್ಟಿಕೊಂಡು ಗೇಟಿನ ಹತ್ತಿರ ನಿಂತಿರುತ್ತಾರೆ.

ಈ ಹುಚ್ಚು ಹಿಡಿಸಿದವರು ವೆಂಕಟಗಿರಿ ಮೇಷ್ಟ್ರು. ವಿಜಯನಗರದ ಹೈಸ್ಕೂಲಿನಲ್ಲಿ ಚರಿತ್ರೆ ಹೇಳಿಕೊಟ್ಟು ನಿವೃತ್ತರಾದ ಮೇಲೆ ಕೆಂಗೇರಿ ಉಪನಗರದಲ್ಲಿ ನಮ್ಮ ಪಕ್ಕದ ಮನೆಗೆ ಬಂದರು. ಕೆಲಸ ನಿಂತರೂ ಪಾಠ ನಿಲ್ಲಲಿಲ್ಲ. ಬೇಸಿಗೆಯ ಭಾನುವಾರಗಳಲ್ಲಿ ಬೀದಿಯ ನಾಲ್ಕೈದು ಮನೆಯವರನ್ನು ಹೊರಡಿಸಿಕೊಂಡು ಹೋಗಿ ಯಾವುದಾದರೂ ಕೆರೆ ಏರಿಯ ಮೇಲೋ ಪಾಳು ಮಂಟಪದಲ್ಲೋ ನಿಲ್ಲಿಸುತ್ತಾರೆ. ಜೊತೆಗೆ ವರ್ಷಕ್ಕೊಂದು ಸಲ 'ಹಳೇ ಕಾಲದ ದಿನ' ಅಂತ ಇರುತ್ತದೆ. ಅವತ್ತು ಎಲ್ಲರೂ ಅಜ್ಜ ಅಜ್ಜಿಯರ ಹಾಗೆ ಉಡಬೇಕು, ಅವರ ಹಾಗೆ ಉಣ್ಣಬೇಕು, ಅವರು ಮಾಡುತ್ತಿದ್ದ ಒಂದು ಕೆಲಸವನ್ನು ಅವರು ಮಾಡಿದ ಹಾಗೇ ಮಾಡಬೇಕು. ಹೋದ ವರ್ಷ ಬೀಸುವ ಕಲ್ಲಿನಲ್ಲಿ ರಾಗಿ ಬೀಸಿದೆವು. ಮಾರನೆಯ ದಿನ ತೋಳು ಎತ್ತಲಾಗದೆ ಆಫೀಸಿಗೆ ರಜೆ ಹಾಕಿದೆ. ಮ್ಯಾನೇಜರು ಕಾರಣ ಕೇಳಿದರೆ ಏನು ಹೇಳಲಿ, ರಾಗಿ ಬೀಸಿದೆ ಅಂತಲೇ?

ಈ ಬೇಸಿಗೆಯ ಮೊದಲ ಭಾನುವಾರ ಜ್ಞಾನಭಾರತಿಯ ಆಚೆ ಒಂದು ಕೆರೆ ಏರಿಗೆ ಹೋದೆವು. ಅಲ್ಲಿ ಸಾಲಾಗಿ ವೀರಗಲ್ಲುಗಳಿದ್ದವು. ಊರಿನ ದನ ಹೊಡೆದುಕೊಂಡು ಹೋಗುವವರನ್ನು ತಡೆಯಲು ಹೋಗಿ ಸತ್ತವನ ನೆನಪಿಗೆ ಊರವರೇ ನಿಲ್ಲಿಸಿದ ಕಲ್ಲು ಅದು ಎಂದು ಮೇಷ್ಟ್ರು ಮಕ್ಕಳಿಗೆ ವಿವರಿಸಿದರು. ಕೆಳಗೆ ಕಾದಾಡುತ್ತಿರುವ ವೀರ, ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವನ ಎದುರು ಕೈಮುಗಿದು ಕೂತ ಅದೇ ವೀರ. ಆದರೆ ಮೇಷ್ಟ್ರು ಹೇಳಿದ್ದರಿಂದ ಅದೆಲ್ಲ ಕಾಣುತ್ತಿತ್ತೇ ಹೊರತು ನಿಜಕ್ಕೂ ಅಲ್ಲಿದ್ದದ್ದು ಸವೆದ ಉಬ್ಬುಗಳು. ಯಾವನಿಗೂ ಮುಖವಿರಲಿಲ್ಲ. ಒಬ್ಬನಿಗೆ ಯಾರೋ ಭಕ್ತಿಯಿಂದ ಹಸಿರು ಬಣ್ಣ ಬಳಿದಿದ್ದರು.

ನನ್ನ ಮಗಳು ಸ್ಪಂದನ ಒಂದು ಕಲ್ಲಿನ ಅಂಚಿನ ಬಳ್ಳಿ ಕೆತ್ತನೆಯನ್ನು ಬೆರಳಲ್ಲಿ ಸವರಿ, "ಅಜ್ಜಿ, ನಮ್ ಒಗೆಯೋ ಕಲ್ಲೂ ಹಿಂಗೇ ಅಲ್ವಾ ಇರೋದು? ಪಕ್ಕದಲ್ಲೆಲ್ಲಾ ಬಳ್ಳಿ ಬಳ್ಳಿ" ಅಂದಳು.

ಹಳೇ ಕೆಂಗೇರಿಯಲ್ಲಿ ನಮ್ಮತ್ತೆ ಮದುವೆಯಾಗಿ ಬಂದ ಮನೆಯಿದೆ. ಅದನ್ನೀಗ ಬಿಜಾಪುರದ ಕಡೆಯ ಹುಡುಗರಿಗೆ ಬಾಡಿಗೆಗೆ ಕೊಟ್ಟಿದ್ದೇವೆ. ದುಂಡೇಶ ಮತ್ತು ಅವನ ಗೆಳೆಯರು, ಎಲ್ಲರೂ ಮನೆಮನೆಗೆ ಊಟ ತಲುಪಿಸುವವರು. ಹಿತ್ತಲಲ್ಲಿ ಬಾವಿಯ ಪಕ್ಕ ಆಳುದ್ದದ ಚಪ್ಪಡಿ ಇದೆ. ಅತ್ತೆ ಆ ಮನೆಯಲ್ಲಿದ್ದಷ್ಟು ಕಾಲವೂ ಬಟ್ಟೆ ಒಗೆದದ್ದು ಅದರ ಮೇಲೆ.

ಮೇಷ್ಟ್ರು ಅವತ್ತು ಸಂಜೆಯೇ ನಮ್ಮನ್ನೆಲ್ಲ ಕರೆದುಕೊಂಡು ಆ ಹಿತ್ತಲಿಗೆ ಬಂದರು. ಚಪ್ಪಡಿಯ ಬದಿಯ ಮಣ್ಣು ಕೆದಕಿ, ನೆಲಕ್ಕೆ ಮಲಗಿ, ಅಡಿಗೆ ಕೈ ತೂರಿಸಿದರು. ಸ್ವಲ್ಪ ಹೊತ್ತು ಆಚೀಚೆ ತಡವಿ ತಲೆ ಎತ್ತಿದರು.

"ಅಣ್ಣಮ್ಮನೋರೇ, ಇದು ವೀರಗಲ್ಲು. ಮುಖ ಅಡಿಯಾಗಿ ಮಲಗಿಸಿಬಿಟ್ಟಿದಾರೆ. ನನ್ನ ಕೈಗೆ ಒಂದು ಪಾದ ಸಿಕ್ತು."

ನಾವೆಲ್ಲ ಕುಣಿದಾಡಿದೆವು. ಅತ್ತೆ ಮಾತ್ರ ಬಾವಿಕಟ್ಟೆಯ ಮೇಲೆ ಕುಸಿದು ಕೂತರು.

ನಮ್ಮತ್ತೆಗೂ ನನಗೂ ಜಗಳವಿಲ್ಲದ ದಿನವಿಲ್ಲ. ಸಾರಿಗೆ ಹುಣಸೆಹುಳಿ ಜಾಸ್ತಿ ಎನ್ನುವಲ್ಲಿಂದ ಶುರುವಾದರೆ ನನ್ನ ತವರಿನವರೆಗೂ ಹೋಗಿ ಬರುತ್ತದೆ. ಅದು ನನಗೆ ಅಭ್ಯಾಸ. ಅವರು ಸುಮ್ಮನಿರುವುದು ಅಭ್ಯಾಸವಿಲ್ಲ. ಆ ವಾರವೆಲ್ಲ ಅವರು ತಟ್ಟೆಯ ಮುಂದೆ ಕೂತು ಅನ್ನ ಕೆದಕಿ ಎದ್ದರು. ನಾನು ಬೇಕೆಂದೇ ಸಾರಿಗೆ ಹುಳಿ ಹೆಚ್ಚು ಹಾಕಿದೆ. ಅದಕ್ಕೂ ಮಾತಿಲ್ಲ. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.

ಒಂದು ಬೆಳಿಗ್ಗೆ ತಾರಸಿಯ ಮೇಲೆ ಇಬ್ಬರೂ ಸಂಡಿಗೆ ಇಡುತ್ತಿದ್ದೆವು. ಅವರಾಗಿಯೇ ಬಾಯಿಬಿಟ್ಟರು.

"ಅರುಣನಿಗಿಂತ ಮುಂಚೆ ಒಂದು ಗಂಡು ಮಗು ಆಗಿತ್ತು. ಗೊತ್ತಲ್ವಾ ನಿಂಗೆ?"

ಅರುಣ ನನ್ನ ಗಂಡ. ಅವನಿಗೊಬ್ಬ ಅಣ್ಣನಿದ್ದು ಹಸುಗೂಸಾಗಿದ್ದಾಗಲೇ ತೀರಿಹೋದ ಎಂದಷ್ಟೇ ಗೊತ್ತಿತ್ತು. ನಮ್ಮ ಮನೆಯಲ್ಲಿ ಅದರ ಮಾತೇ ಇರಲಿಲ್ಲ.

"ಗೊತ್ತು ಅತ್ತೆ."

"ನನ್ನ ತವರಲ್ಲಿ ಬಾಣಂತನ ಮಾಡೋರು ಯಾರಿದ್ರು? ಇಲ್ಲೇ ಆಯ್ತು. ಮಗೂ ಬಟ್ಟೆ, ನನ್ನ ಮೈಲಿಗೆ ಸೀರೆ, ಎಲ್ಲಾ ಆ ಕಲ್ಲಿನ ಮೇಲೇ ಬಡಿದು ಬಡಿದು ಒಗೆದೆ. ಮೂರು ತಿಂಗಳು ತುಂಬಲಿಲ್ಲ, ಮಗು ಹೋಯ್ತು. ಡಾಕ್ಟ್ರು ಜ್ವರ ಅಂದ್ರು. ನಾನೂ ಜ್ವರ ಅಂದ್ಕೊಂಡಿದ್ದೆ, ಇಷ್ಟು ವರ್ಷ." ಅವರ ಕೈಯಲ್ಲಿದ್ದ ಸಂಡಿಗೆ ಹಿಟ್ಟು ಬೆರಳ ಸಂದಿಯಿಂದ ಬಟ್ಟೆಯ ಮೇಲೆ ಸುರಿಯುತ್ತಿತ್ತು. "ಪ್ರಾಣ ಕೊಟ್ಟು ಶಿವನ ಹತ್ರ ಹೋದವನ ಬೆನ್ನ ಮೇಲೆ ನಾನು ಮೈಲಿಗೆ ಒಗೆದೆ ಕಣೇ. ಅವನೇ ಕರ್ಕೊಂಡು ಹೋದ."

ಎಲ್ಲದಕ್ಕೂ ಎದುರುತ್ತರ ಕೊಡುವ ಬಾಯಿ ನನ್ನದು. ಅವತ್ತು "ಹಂಗೆಲ್ಲಾ ಏನಿರಲ್ಲ ಬಿಡಿ ಅತ್ತೆ" ಅಂದೆ. ಎಂಥ ಕೆಲಸಕ್ಕೆ ಬಾರದ ಮಾತು! ಅಂದ ತಕ್ಷಣ ನನಗೇ ನಾಚಿಕೆಯಾಯಿತು.

"ಅದನ್ನ ಎತ್ತೋದು ಬೇಡ. ಅವನ ಮುಖ ನೋಡೋ ಧೈರ್ಯ ನಂಗಿಲ್ಲ" ಅಂದರು ಅತ್ತೆ.

ಅಷ್ಟರಲ್ಲಿ ಮೇಷ್ಟ್ರು ಈ ಸಲದ ಹಳೇ ಕಾಲದ ದಿನಕ್ಕೆ ಅದೇ ಕಲ್ಲನ್ನು ಎತ್ತಿ ನಿಲ್ಲಿಸುವುದೆಂದು ಗೊತ್ತುಮಾಡಿ, ಪುರಾತತ್ವ ಇಲಾಖೆಯವರನ್ನೂ ಕೇಳಿಕೊಂಡು ಬಂದಿದ್ದರು. ಜೆಸಿಬಿ ಇಲ್ಲ, ಕ್ರೇನ್ ಇಲ್ಲ; ಹಗ್ಗ, ಮರದ ತೊಲೆ, ಮನುಷ್ಯರ ಕೈ. ನಾನು ಹೋಗಿ ವಿಷಯ ಹೇಳಿದೆ. ಅವರ ಮುಖ ಆಟದ ಸಾಮಾನು ಕಿತ್ತುಕೊಂಡ ಮಗುವಿನ ಹಾಗಾಯಿತು. ಆದರೂ ಒಂದು ಮಾತು ವಾದ ಮಾಡಲಿಲ್ಲ. "ಅವರ ಮನೆ ಕಲ್ಲು, ಅವರ ಮನಸ್ಸು. ಬೇಡ ಅಂದ್ರೆ ಬೇಡಮ್ಮಾ" ಅಂದರು.

ನಾನು ಮನೆಗೆ ಬಂದು ಅತ್ತೆಗೆ ಅದನ್ನೇ ತಿಳಿಸಿದೆ. ರಾತ್ರಿಯೆಲ್ಲ ಯೋಚಿಸಿದರೋ ಏನೋ, ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು ಅವರೇ ಹೇಳಿದರು: "ಎತ್ತಿ ನಿಲ್ಲಿಸ್ಲಿ. ಅವನನ್ನ ಮಣ್ಣಿಗೆ ಮುಖ ಕೊಟ್ಟು ಮಲಗಿಸಿರೋದು ಇನ್ನೊಂದು ಪಾಪ. ಬೈಯೋದಿದ್ರೆ ಎದುರಿಗೇ ಬೈಲಿ, ಬೈಸ್ಕೋತೀನಿ."

ಭಾನುವಾರ ಬಿಸಿಲು ಏರುವ ಮುಂಚೆ ಎಲ್ಲರೂ ಹಿತ್ತಲಿಗೆ ಬಂದರು. ಗಂಡಸರು ಕಚ್ಚೆ ಕಟ್ಟಿದ್ದರು. ಅರುಣನ ಪಂಚೆ ಬೆಲ್ಟಿನ ಕೃಪೆಯಿಂದ ಸೊಂಟದ ಮೇಲಿತ್ತು. ಎದುರು ಮನೆಯವರು ಕಚ್ಚೆಯ ಕೆಳಗೆ ಸ್ಪೋರ್ಟ್ಸ್ ಶೂ ಹಾಕಿಕೊಂಡು ಬಂದಿದ್ದರು. ದುಂಡೇಶನ ಗೆಳೆಯರು ನಕ್ಕು ನಕ್ಕು ಸುಸ್ತಾದರು, ಆಮೇಲೆ ಪಾಪ ಎಂದು ಎಲ್ಲರಿಗೂ ತಲೆಗೆ ರುಮಾಲು ಸುತ್ತಿಕೊಟ್ಟರು. ಮೊಬೈಲುಗಳೆಲ್ಲ ಒಂದು ಬುಟ್ಟಿಗೆ ಹೋದವು. ಮುದ್ದೆ, ಹುರುಳಿಕಾಳಿನ ಬಸ್ಸಾರು, ಮಡಕೆ ತುಂಬ ಮಜ್ಜಿಗೆ ಸಿದ್ಧವಾಗಿತ್ತು. ಅತ್ತೆ ಮೂಲೆಯ ನುಗ್ಗೆಮರದ ಕೆಳಗೆ, ನಮಗೆ ಬೆನ್ನು ಕೊಟ್ಟು, ಕಾಂಪೌಂಡಿನ ಗೋಡೆ ನೋಡಿಕೊಂಡು ಕೂತರು.

ಕಲ್ಲಿನ ಬುಡದ ಕಡೆ ಗುಂಡಿ ತೋಡಿದ್ದಾಗಿತ್ತು. ತಲೆಯ ಕಡೆಯಿಂದ ತೊಲೆ ಕೊಟ್ಟು ಮೀಟಬೇಕು, ಎದ್ದಷ್ಟಕ್ಕೆ ಅಡಿಗೆ ಕಲ್ಲಿನ ಚೂರು ತುಂಬಬೇಕು, ಇತ್ತ ಬುಡದ ಕಡೆ ನಿಂತವರು ಹಗ್ಗ ಜಗ್ಗಬೇಕು. ಮೇಷ್ಟ್ರು ಮತ್ತು ಮಕ್ಕಳು ಅತ್ತ, ನಾನು ಹಗ್ಗದವರ ಗುಂಪಿನಲ್ಲಿ. ದೊಡ್ಡ ಗಂಟಲು ದುಂಡೇಶನದು, ಹಾಗಾಗಿ ಕೂಗು ಹಾಕುವ ಕೆಲಸ ಅವನದಾಯಿತು.

"ಎಲ್ಲಾರೂ ಒಮ್ಮೆಲೆ ಜಗ್ಗ್ರಿ! ಹಿಂದ ಮುಂದ ಆದ್ರ ಮಿಸುಕಂಗಿಲ್ಲ ಅದು. ಐಸಾ!"

"ಐಸಾ!"

ಕಲ್ಲು ಮಿಸುಕಲಿಲ್ಲ. ಮತ್ತೆ ಜಗ್ಗಿದೆವು. ಎದುರು ಮನೆಯವರು ಜಾರಿ ಬಿದ್ದರು. ಅಂಗೈ ಉರಿಯತೊಡಗಿತು. ನಾನು ಹಗ್ಗ ಬಿಸಾಕಿ, "ಸಾರ್, ಸುಮ್ನೆ ಜೆಸಿಬಿ ಕರೀರಿ. ಹಳೇ ಕಾಲದೋರು ಹಳೇ ಕಾಲದ ಅನ್ನ ತಿಂತಿದ್ರು, ನಾವು ತಿನ್ನೋದು ನೂಡಲ್ಸು" ಅಂದೆ. ಎಲ್ಲರೂ ನಕ್ಕರು. ನಕ್ಕಿದ್ದರಿಂದಲೇ ಏನೋ ಉಸಿರು ಒಂದಾಯಿತು. ದುಂಡೇಶ ಈ ಸಲ ಕೂಗನ್ನು ನಿಧಾನ ಮಾಡಿದ. ಅಷ್ಟೂ ಜನ ಒಟ್ಟಿಗೆ ಹಿಂದಕ್ಕೆ ವಾಲಿದೆವು.

ಹಗ್ಗ ನಡುಗಿತು. ಭಾರ ಅಂಗೈಗೆ ಬಂತು. ಅದನ್ನು ಹೇಗೆ ಹೇಳಲಿ? ಅಷ್ಟು ಹೊತ್ತು ನಾವು ಒಂದು ಕಲ್ಲನ್ನು ಎಳೆಯುತ್ತಿದ್ದೆವು. ಈಗ ಆ ಕಡೆಯಿಂದ ಯಾರೋ ನಮ್ಮ ಕೈ ಹಿಡಿದುಕೊಂಡು ಏಳುತ್ತಿದ್ದಾರೆ ಅನಿಸಿತು. ಇದೇ ಭಾರ, ಇದೇ ಕಲ್ಲಿನದು, ನೂರಾರು ವರ್ಷಗಳ ಹಿಂದೆ ಬೇರೆ ಅಂಗೈಗಳಿಗೆ ಬಂದಿತ್ತು. ಅವರೂ ಅಕ್ಕಪಕ್ಕದ ಮನೆಯವರೇ ಇದ್ದಿರಬೇಕು. ಅವರಿಗೆ ಈ ಸತ್ತವನ ಹೆಸರು ಗೊತ್ತಿತ್ತು, ಅವನ ದನಿ ಗೊತ್ತಿತ್ತು, ಅಳುತ್ತಲೇ ಹಗ್ಗ ಹಿಡಿದಿದ್ದರೇನೋ. ಮೇಷ್ಟ್ರು ಇಷ್ಟು ವರ್ಷ ಹೇಳಿದ ಪಾಠದಲ್ಲಿ ನನಗೆ ದಕ್ಕದೇ ಇದ್ದದ್ದು ಅವತ್ತು ನನ್ನ ಕೈಗೆ ದಕ್ಕಿತು.

"ಐಸಾ!"

ಗೇಣು ಎದ್ದಿತು, ಮೊಳ ಎದ್ದಿತು. ಆಮೇಲೆ ಬುಡ ಗುಂಡಿಗೆ ಜಾರಿ, ನೆಲ ಒಮ್ಮೆ ಅದುರಿ, ಕಲ್ಲು ನೆಟ್ಟಗೆ ನಿಂತುಬಿಟ್ಟಿತು. ನಮಗೆ ಕಾಣುತ್ತಿದ್ದದ್ದು ಅದರ ಬೆನ್ನು, ಒಗೆದು ಒಗೆದು ನುಣುಪಾದ ಬೆನ್ನು. ನಾವು ಹೋ ಎಂದು ಕೂಗಿದೆವು. ಆ ಕಡೆಯಿಂದ ಯಾರೂ ಕೂಗಲಿಲ್ಲ. ಮಕ್ಕಳ ಸದ್ದೂ ಇರಲಿಲ್ಲ.

"ಅಮ್ಮಾ, ಬಾ ಇಲ್ಲಿ" ಅಂತ ಸ್ಪಂದನ ಮೆಲ್ಲಗೆ ಕರೆದಳು. "ಅವನು ನೋಡ್ತಾ ಇದಾನೆ."

ಸುತ್ತಿಕೊಂಡು ಹೋಗಿ ನೋಡಿದೆ. ಹಸಿ ಕೆಮ್ಮಣ್ಣು ಹೆಪ್ಪುಹೆಪ್ಪಾಗಿ ಕಳಚಿ ಬೀಳುತ್ತಿತ್ತು. ಅದರ ಒಳಗಿಂದ ಒಂದು ಮುಖ. ರೆಪ್ಪೆ ಇತ್ತು, ಮೂಗಿನ ತುದಿ ಇತ್ತು, ಕಿವಿಯ ಓಲೆಯಲ್ಲಿ ಗೆರೆಗಳಿದ್ದವು. ಪಕ್ಕಕ್ಕೆ ಕಟ್ಟಿದ ತುರುಬಿನಿಂದ ಒಂದು ಎಳೆ ಜಾರಿತ್ತು. ಅವನ ಹಿಂದೆ ನಿಂತ ಹಸುಗಳ ನಡುವೆ ಒಂದು ಕರು ಕಿವಿ ನಿಮಿರಿಸಿತ್ತು. ಶಿಲ್ಪಿ ಈಗಷ್ಟೇ ಉಳಿ ಕೆಳಗಿಟ್ಟು ನೀರು ಕುಡಿಯಲು ಹೋಗಿದ್ದಾನೆ ಅನ್ನಬೇಕು, ಹಾಗಿತ್ತು.

ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಕಣ್ಣು ಒರೆಸಿಕೊಂಡರು. "ಜೀವನ ಪೂರ್ತಿ ಪಾಠ ಮಾಡಿದೆ. ಇಂಥ ಮುಖ ಇರೋ ವೀರನ್ನ ನೋಡಿರ್ಲಿಲ್ಲ. ಹೊರಗೆ ನಿಂತಿದ್ದಿದ್ರೆ ಮಳೆ ಗಾಳಿ ತಿಂದು ಹಾಕ್ಬಿಡೋದು. ಕವುಚಿ ಮಲಗಿದ್ದಕ್ಕೆ ಉಳ್ಕೊಂಡ."

ದುಂಡೇಶ ರುಮಾಲು ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ. ಎದುರು ಮನೆಯವರು ಶೂ ಬಿಚ್ಚಿದರು. ಯಾರೂ ಯಾರಿಗೂ ಹೇಳಿರಲಿಲ್ಲ.

ಅತ್ತೆ ಇನ್ನೂ ಗೋಡೆಯನ್ನೇ ನೋಡುತ್ತಿದ್ದರು. ಹತ್ತಿರ ಹೋದೆ.

"ಕೋಪದಲ್ಲಿದಾನೇನೇ?" ಅಂತ ಕೇಳಿದರು.

"ನಾನು ಹೇಳಲ್ಲ. ನೀವೇ ಬಂದು ನೋಡಿ."

ಕೈ ಕೊಟ್ಟೆ. ಯಾವತ್ತೂ ನನ್ನ ಕೈ ಹಿಡಿಯದ ಹೆಂಗಸು ಅವತ್ತು ಮುರಿಯುವಷ್ಟು ಬಿಗಿಯಾಗಿ ಹಿಡಿದರು. ಜನ ದಾರಿ ಬಿಟ್ಟರು. ಅತ್ತೆ ತಲೆ ತಗ್ಗಿಸಿಕೊಂಡೇ ಬಂದು ನಿಂತರು. ಮೊದಲು ಅವನ ಪಾದ ನೋಡಿದರು. ಆಮೇಲೆ ಕತ್ತಿ ಹಿಡಿದ ಕೈ. ಕೊನೆಗೆ ಮುಖ ಎತ್ತಿದರು.

ಎಷ್ಟೋ ಹೊತ್ತು ನೋಡಿದರು. ಸೆರಗಿನ ತುದಿಯಿಂದ ಅವನ ಕಣ್ಣಿನ ಮೂಲೆಯ ಮಣ್ಣು ಒರೆಸಿದರು. ಕೆನ್ನೆಯ ಮೇಲೆ ಅಂಗೈ ಇಟ್ಟರು.

"ಅಯ್ಯೋ, ಇವನಿಗಿನ್ನೂ ಮೀಸೆ ಸರಿಯಾಗಿ ಬಂದಿಲ್ಲ" ಅಂದರು.

ಹೌದು. ನಾವು ಓಲೆ ನೋಡಿದ್ದೆವು, ತುರುಬು ನೋಡಿದ್ದೆವು, ಅದನ್ನು ನೋಡಿರಲಿಲ್ಲ. ಮೇಲ್ದುಟಿಯ ಮೇಲೆ ಶಿಲ್ಪಿ ಎರಡೇ ಸಣ್ಣ ಗೆರೆ ಎಳೆದು ಬಿಟ್ಟಿದ್ದ. ವೀರ ವೀರ ಎಂದು ನಾವೆಲ್ಲ ಅನ್ನುತ್ತಿದ್ದವನು ಕಾಲೇಜಿಗೆ ಹೋಗುವ ವಯಸ್ಸಿನ ಹುಡುಗ.

"ಇದು ಮಗು ಕರ್ಕೊಂಡು ಹೋಗೋ ಮುಖ ಅಲ್ಲ ಕಣೇ ಚೇತನಾ" ಅಂದರು ಅತ್ತೆ. "ಇವ್ನೂ ಯಾರ್ದೋ ಮಗೂನೇ."

ಹೇಳಿದವರೇ ಆ ಕಲ್ಲಿಗೆ ಹಣೆ ಹಚ್ಚಿ ಅಳತೊಡಗಿದರು. ನಮ್ಮ ಮಾವ ತೀರಿಕೊಂಡಾಗಲೂ ಅವರು ಅಷ್ಟು ದೊಡ್ಡದಾಗಿ ಅತ್ತದ್ದನ್ನು ನಾನು ಕಂಡಿರಲಿಲ್ಲ. ಯಾರೂ ಸಮಾಧಾನ ಮಾಡಲು ಹೋಗಲಿಲ್ಲ. ಅಳಲಿ ಅಂತ ನಾನೂ ಅಳುತ್ತಾ ನಿಂತೆ.

ಅಳು ಒಂದಿಷ್ಟು ಇಳಿದ ಮೇಲೆ ಅರುಣ ಮುಂದೆ ಬಂದ. ಬೆಲ್ಟು ಬಿಗಿದ ಪಂಚೆಯಲ್ಲಿ, ಮಣ್ಣು ಮೆತ್ತಿದ ಕೈಯಲ್ಲಿ ಅಮ್ಮನ ಭುಜ ಹಿಡಿದುಕೊಂಡ.

"ಅಮ್ಮಾ, ಅಣ್ಣನಿಗೆ ಏನು ಹೆಸರಿಟ್ಟಿದ್ದೆ?"

ಅತ್ತೆ ಅವನನ್ನು ನೋಡಿದರು. ಈ ಪ್ರಶ್ನೆಯನ್ನು ಇಷ್ಟು ವರ್ಷ ಯಾರೂ ಅವರನ್ನು ಕೇಳಿರಲಿಲ್ಲ.

"ನಂಜುಂಡ" ಅಂದರು. ಅಭ್ಯಾಸ ತಪ್ಪಿದ ಹೆಸರು, ಮೆಲ್ಲಗೆ ಬಂತು. ಎಲ್ಲರ ಕಡೆ ತಿರುಗಿ ಇನ್ನೊಂದು ಸಲ, ಹಿತ್ತಲಿಗೆಲ್ಲ ಕೇಳುವ ಹಾಗೆ ಹೇಳಿದರು: "ನನ್ನ ದೊಡ್ಡ ಮಗ. ನಂಜುಂಡ ಅಂತ."