ಅನುಕಂಪದ ಬಾಯಿಪಾಠ

ರಾಜೇಶ್ವರಿ ಅಕ್ಕೋರಿಗೆ ಮೂಗಿನ ತುದಿ ಮ್ಯಾಲ ಸಿಟ್ಟು ಅಂತ ನಮ್ಮ ಹೂಲಿ ಸಾಲ್ಯಾಗ ಹುಡುಗೂರು ನನ್ನ ಬಗ್ಗೆ ಅಂತಾವ. ಅನ್ಲಿ. ಆವತ್ತ ಬೈಲಹೊಂಗಲದಾಗ ನಡದದ್ದನ್ನ ನೋಡಿದ್ರ ಸಿಟ್ಟ ಗೊತ್ತಿಲ್ಲದವರಿಗೂ ಬರತಿತ್ತು.

ಸುರು ಆದದ್ದು ಚೊಲೋ ಮಾತಿನಿಂದನ. ಯಾವುದೋ ಸಂಸ್ಥೆಯವರು ಸಾಲಿಗೆ ಬಂದು, "ಇನ್ನು ಮುಂದೆ ಎಲ್ಲ ಕೆಲಸ ಎಐ ಮಾಡುತ್ತೆ, ಮನುಷ್ಯರ ಶಕ್ತಿ ಏನು ಅಂತ ಮಕ್ಕಳಿಗೆ ಗೊತ್ತಾಗಬೇಕು" ಅಂದ್ರು. ಖರೇ ಅನಿಸ್ತು, ನಾನೂ ಹೂಂ ಅಂದೆ. ಕೊಟ್ಟದ್ದೇನು? ಒಂದು ಪುಸ್ತಕ. ಅನುಕಂಪ ಅಂದ್ರೇನು, ವಿವೇಕ ಅಂದ್ರೇನು, ಸಹಕಾರ ಅಂದ್ರೇನು, ಎಲ್ಲಾದಕ್ಕೂ ಒಂದೊಂದು ವ್ಯಾಖ್ಯಾನ. ಅದನ್ನ ಬಾಯಿಪಾಠ ಮಾಡಿ ವೇದಿಕಿ ಮ್ಯಾಲ ಒಪ್ಪಿಸೂ ಸ್ಪರ್ಧಾ! ಸವದತ್ತಿ, ರಾಮದುರ್ಗ, ಕಿತ್ತೂರು, ಎಲ್ಲಾ ಕಡೆ ಮಕ್ಕಳೂ ಬೈಲಹೊಂಗಲಕ್ಕ ಬರಬೇಕು, ಗೆದ್ದವರು ಬೆಳಗಾವಿಗೆ ಹೋಗಬೇಕು. "ಅನುಕಂಪ ಎಂದರೆ ಪರರ ನೋವನ್ನು ತನ್ನ ನೋವೆಂದು ಅರಿಯುವುದು" ಅಂತ ಹುಡುಗೂರು ಮಗ್ಗಿ ಹೇಳಿಧಂಗ ಒದರೂದು ಕೇಳಿ ಕೇಳಿ ನನ್ನ ತಲಿ ಚಿಟ್ಟ ಹಿಡೀತು. ಯವ್ವಾ, ಬಾಯಿಪಾಠ ಒಪ್ಪಸೂದಾದ್ರ ಆ ಮಷೀನ ನಮಗಿಂತ ಛಂದ ಒಪ್ಪಸತೈತಲ್ಲ!

ನಮ್ಮ ಸಾಲಿಯಿಂದ ಪ್ರಣಿತಾ ಹೊಂಟಿದ್ಲು, ಆರನೇತ್ತೆ ಹುಡುಗಿ, ಗೌಂಡಿ ಭರಮಪ್ಪನ ಮಗಳು. ಬೆಳಗಾವಿ ನೋಡಬೇಕಂತ ಆಕಿಗೆ ಭಾಳ ಆಸೆ. ಭರಮಪ್ಪ ಸೋಮವಾರದ ಭಜನ್ಯಾಗ ದಮ್ಮಡಿ ಬಾರಸ್ತಾನ, ಈಕಿ ಸಣ್ಣಾಕಿ ಇದ್ದಾಗಿಂದ ಅವನ ಮಗ್ಗಲದಾಗ ಕುಂತ ಬೆಳದಾಕಿ. ಭಜನ್ಯಾಗ ಒಂದು ರೂಢಿ ಐತಿ. ಹಾಡವರು ಪದಾ ಮರತು ನಿಂತ್ರ ಹಿಂದ ಕುಂತವರು ತಟ್ಟನ ಮುಂದಿನ ಸಾಲು ಎತ್ತಿ ಕೊಡತಾರ. ಮರತವರಿಗೆ ನಾಚಿಕಿ ಇಲ್ಲ, ಎತ್ತಿ ಕೊಟ್ಟವರಿಗೆ ದೊಡ್ಡಸ್ತಿಕಿ ಇಲ್ಲ. ಪದಾ ನಡುವ ನಿಂತ್ರ ಎಲ್ಲಾರದೂ ಮಾನ ಹೋಗತೈತಿ ಅಂತ ಅವರ ಲೆಕ್ಕ.

ಸ್ಪರ್ಧಾದ ದಿನ ಪ್ರಣಿತಾ ಒಂದಕ್ಷರ ತಪ್ಪಲಿಲ್ಲ. ಮಾರ್ಕ್ಸ್ ಕೊಡೂದು ಯಾರು ಅಂದ್ರಿ? ಮನುಷ್ಯಾರಲ್ಲ, ಒಂದು ಮಷೀನ! ಮೈಕಿನಾಗ ಹೇಳಿದ್ದನ್ನ ಕೇಳಿಸಿಗೊಂಡು ಗ್ವಾಡಿ ಮ್ಯಾಲಿನ ಪರದೆದಾಗ ಅಂಕಿ ತೋರಸ್ತಿತ್ತು. ಪ್ರಣಿತಾನ ಹೆಸರು ಎಲ್ಲಾರಕಿಂತ ಮ್ಯಾಲ ಬಂತು. ಬೆಳಗಾವಿ ಕೈಯಾಗ ಬಂದಂಗ ಆತು.

ಕಡೀಕ ಬಂದಾಂವ ಸಾಲಹಳ್ಳಿ ಹುಡುಗ ಸಿದ್ಧಾರೂಢ. "ಅನುಕಂಪ ಎಂದರೆ" ಅಂದ, ನಿಂತ. ಮತ್ತೊಮ್ಮೆ "ಅನುಕಂಪ ಎಂದರೆ" ಅಂದ. ಮುಂದ ಬರವಲ್ದು. ಹಿಂದ ಕುಂತವರು ಯಾರೋ ಕಿಸಕ್ ಅಂತ ನಕ್ಕರು. ಹುಡುಗನ ಕಣ್ಣಾಗ ನೀರು ಬಂದ್ವು. ಅಷ್ಟರಾಗ ಪ್ರಣಿತಾ ಎದ್ದು ನಿಂತು, ಭಜನ್ಯಾಗ ಕೊಟ್ಟಂಗ ತುಂಬು ದನಿಲೆ, "ಪರರ ನೋವನ್ನು" ಅಂತ ಎತ್ತಿ ಕೊಟ್ಲು. ಹುಡುಗ ಅದನ್ನ ಹಿಡಕೊಂಡು ಕಡೀತನಕಾ ಹೇಳಿ ಮುಗಿಸಿದ. ನಾ ಚಪ್ಪಾಳಿ ಬಡದೆ.

ಪರದೆ ಕೆಂಪಾತು. ಆ ಸಂಸ್ಥೆ ಕಡಿಂದ ಕಾರ್ಯಕ್ರಮ ನಡಸಾಕತ್ತಿದ್ದ ವಿಜಯ ಸರ್ ಮೈಕ್ ಹಿಡದು, "ಬೇರೆ ಧ್ವನಿ ಸೇರಿದೆ ಅಂತ ತೋರಿಸ್ತಿದೆ, ಇಬ್ಬರೂ ಸ್ಪರ್ಧೆಯಿಂದ ಹೊರಗೆ" ಅಂದ್ರು.

"ಮಷೀನಿಗೆ ಕಣ್ಣಿಲ್ಲ, ನಿಮಗೂ ಇಲ್ಲೇನ್ರಿ? ಆಕಿ ಏನ್ ಮಾಡಿದ್ಲು ಅಂತ ಕಾಣಲಿಲ್ಲ?" ಅಂದೆ.

"ರಾಜೇಶ್ವರಿ ಮೇಡಂ, ನಿಯಮ ಎಲ್ಲರಿಗೂ ಒಂದೇ. ನಿಮ್ಮ ಹುಡುಗಿ ತನ್ನ ಪಾಡಿಗೆ ತಾನು ಸುಮ್ಮನೆ ಕೂತಿದ್ರೆ ಗೆಲ್ತಿದ್ಲು."

ಇಂಥಾ ಮಾತನ್ನ ಮಕ್ಕಳ ಮುಂದ ಮೈಕಿನಾಗ ಹೇಳಿದ್ರು! ಪುರಾಣ ಹೇಳಾಕ, ಬದನಿಕಾಯಿ ತಿನ್ನಾಕ ಅಂತಾರಲ್ಲ, ಹಂಗ. ಆದ್ರೂ ಬಸ್ಸಿನ ಹೊತ್ತಾಗಿತ್ತು. ಹಲ್ಲ ಕಡಕೋತ ಹೊರಗ ಬಂದೆ.

ಬಸ್‌ಸ್ಟ್ಯಾಂಡಿನಾಗ ಮಿರ್ಚಿ ಕೊಡಿಸಿದೆ. ಪ್ರಣಿತಾ ಮುಟ್ಟಲಿಲ್ಲ. "ಬೆಳಗಾವಿಗೆ ನಾನ ಒಂದ ದಿನ ಕರಕೊಂಡ ಹೋಗತೇನಿ, ಅಳಬ್ಯಾಡ" ಅಂದೆ.

"ಅಳವಲ್ಲೆರಿ" ಅಂದ್ಲು ಹುಡುಗಿ. "ಅಕ್ಕೋರ, ಇನ್ನೊಂದ ಸಲ ಯಾರರ ಮರತ್ರ ನಾ ಸುಮ್ನ ಕುಂಡ್ರತೇನ್ರಿ" ಅಂದ್ಲು.

ಬೆಳಗಾವಿ ಹೋದ್ರ ಹೋಗ್ಲಿ, ಸುಡುಗಾಡು. ಅವ್ವ ಸೀತವ್ವ, ಅಪ್ಪ ಭರಮಪ್ಪ, ಆ ಭಜನಿ ಮಂದಿ ಎಲ್ಲಾ ಕೂಡಿ ಈ ಕೂಸಿನೊಳಗ ಬೆಳಿಸಿದ್ದನ್ನ ಒಂದ ಮಾತಿನಾಗ ಕಿತ್ತ ಒಗದ್ರಲ್ಲ! ಅದೂ ಯಾರು? ಅದನ್ನ ಕಲಸತೇವಿ ಅಂತ ಬಂದವರು. ನಮ್ಮೂರ ಕಡೆ ಹೋಗೂ ಸವದತ್ತಿ ಬಸ್ ಬಂತು. "ಹೋಗ್ಲಿ ಅದು, ನಡಿ" ಅಂತ ಆಕಿ ಕೈ ಹಿಡಕೊಂಡು ಸ್ಪರ್ಧಾ ನಡದ ಕಡೆ ತಿರುಗಿ ಹೊಂಟೆ.

ಸಭಾಭವನದಾಗ ವಿಜಯ ಸರ್ ಒಬ್ಬರೇ ವಾಯರ್ ಸುತ್ತಾಕತ್ತಿದ್ರು. ನನ್ನ ನೋಡಿ, "ಮೇಡಂ, ಬಹುಮಾನದ ವಿಷಯ ಆದ್ರೆ..." ಅಂದ್ರು.

"ನಿಮ್ಮ ಬಹುಮಾನ ನೀವ ಇಟಗೊಳ್ರಿ. ಇನ್ನ ಮ್ಯಾಲ ಯಾರಿಗೂ ಎತ್ತಿ ಕೊಡೂದಿಲ್ಲ ಅಂತಾಳ ಈ ಹುಡುಗಿ. ಅದು ಸರಿ ಐತಿ ಅಂತ ಆಕಿ ಮಾರಿ ನೋಡಿ ಹೇಳ್ರಿ. ಮೈಕ್ ಇಲ್ಲದ ಹೇಳ್ರಿ."

ಅವರು ಪ್ರಣಿತಾನ ಮಾರಿ ನೋಡಿದ್ರು. "ನೀನು ಮಾಡಿದ್ದು ತಪ್ಪಲ್ಲ ಪುಟ್ಟಿ, ಆದ್ರೆ..."

"ಆದ್ರ ಗೀದ್ರ ಬ್ಯಾಡ! ಮನುಷ್ಯಾರ ಶಕ್ತಿ ಕಲಸಾಕ ಬಂದ್ರಿ. ಅದು ನಿಮ್ಮ ಕಣ್ಣ ಮುಂದ ಎದ್ದು ನಿಂತ್ರ ಹೊರಗ ಹಾಕಿದ್ರಿ. ನಿಮಗಿಂತ ಆ ಡಬ್ಬಿ ಎಷ್ಟೋ ಚೊಲೋ, ಅದಕ್ಕ ಗೊತ್ತಿಲ್ಲ. ನಿಮಗ ಗೊತ್ತಿದ್ದೂ ಮಾಡಿದ್ರಿ!"

ವಿಜಯ ಸರ್ ಮಾರಿ ಕಪ್ಪಿಟ್ಟಿತು. ವಾಯರ್ ಕೆಳಗಿಟ್ರು. "ತಪ್ಪಾಯ್ತು. ನೀನು ಮಾಡಿದ್ದೇ ಸರಿ. ನಾನು ಹಾಗೆ ಅನ್ನಬಾರದಿತ್ತು" ಅಂದ್ರು.

ಅಷ್ಟಕ್ಕ ಬಿಡ್ತೇನೇನು ನಾ? ಮಷೀನು, ಪುಸ್ತಕ, ಸಂಸ್ಥೆ, ಎಲ್ಲಾದಕ್ಕೂ ಪೂಜಿ ಮಾಡಬೇಕಂತ ಸೆರಗ ಬಿಗದು ಮುಂದ ಹೋದೆ. ಹಿಂದಿಂದ ಪ್ರಣಿತಾ ನನ್ನ ಕೈ ಜಗ್ಗಿದ್ಲು.

"ಸಾಕ್ ಮಾಡ್ರಿ ಅಕ್ಕೋರ" ಅಂದ್ಲು ಸಣ್ಣ ದನಿಲೆ. "ಅವರಿಗೆ ಎಷ್ಟ ಕೆಟ್ಟ ಅನಸಾಕತ್ತಿರಬೇಕು, ಪಾಪ."

ಬೈಯಾಕ ನನ್ನ ಕಡೆ ಇನ್ನೂ ಬೇಕಾದಷ್ಟಿತ್ತು. ಬಾಯಿ ಮುಚಗೊಂಡೆ.