ಲೂಷಿಯಸ್ ಪೆಟಿಗ್ರೂನ ದನಿ

ಲೂಷಿಯಸ್ ಪೆಟಿಗ್ರೂನ ದನಿ ತನ್ನ ಸ್ವತ್ತು ಎಂದು ಅವನ ಮಾತಿನ ಯಂತ್ರ ಮಾಡಿದ ಕಂಪನಿ ತಿಳಿಸಿತು. ಯಂತ್ರ ಕೆಟ್ಟಿದೆ, ಅದರ ರಿಪೇರಿ ಇಲ್ಲ, ಹಿಂದಿರುಗಿಸಿ. ಹೊಸದು ಕೊಡುತ್ತೇವೆ, ಅದರಲ್ಲಿ ಬೇರೆ ದನಿ ಇರುತ್ತದೆ ಎಂದಿತು.

ಗ್ಯಾರಿ ಊರಿನ ಉಕ್ಕಿನ ಕಾರ್ಖಾನೆಯಲ್ಲಿ ಕುಲುಮೆಯ ಆರ್ಭಟವನ್ನೂ ಮೀರಿ ಕೇಳಿಸುತ್ತಿದ್ದ ಗಂಟಲು ಅದು. ಕ್ಯಾನ್ಸರ್ ಬಂದು ಧ್ವನಿಪೆಟ್ಟಿಗೆ ತೆಗೆಯುವ ಮುಂಚೆ ಅವನು ವಾರಗಟ್ಟಲೆ ಮೈಕಿನ ಮುಂದೆ ಕೂತು ಓದಿ, ನಕ್ಕು, ಹೆಂಡತಿಯ ಹೆಸರು ಕೂಗಿ ದನಿಯನ್ನು ಕೂಡಿಟ್ಟಿದ್ದ. ಆಮೇಲೆ ಅಂಗೈಯಗಲದ ಯಂತ್ರದಲ್ಲಿ ಅಕ್ಷರ ಒತ್ತಿದರೆ ಆ ದನಿಯೇ ಹೊರಡುತ್ತಿತ್ತು. ಭಾನುವಾರದ ಊಟಕ್ಕೆ ಮುಂಚಿನ ಪ್ರಾರ್ಥನೆಯನ್ನು ಮೊದಲಿನ ಹಾಗೆಯೇ ಎಳೆಯುತ್ತಿದ್ದ. ಅವನ ಹೆಂಡತಿ ವರ್ಡೆಲ್ ಮೊದಲಿನ ಹಾಗೆಯೇ, "ಆಮೆನ್ ಅನ್ನು ಮುದುಕಾ, ಕೋಳಿ ತಣ್ಣಗಾಯ್ತು" ಎಂದು ಗದರುತ್ತಿದ್ದಳು.

ಯಂತ್ರ ಕೆಟ್ಟ ಮೇಲೆ ಕೋಳಿ ಬಿಸಿಯಾಗಿಯೇ ಇರುತ್ತಿತ್ತು. ಅವಳಿಗೆ ಅದು ಇಳಿಯುತ್ತಿರಲಿಲ್ಲ.

ಚರ್ಚಿನ ಮೈಕು, ಸ್ಪೀಕರು ನೋಡಿಕೊಳ್ಳುವ ಹೆಟ್ಟಿಯನ್ನು ಕರೆಸಿದಳು. ಯಂತ್ರದ ಬೆನ್ನಿಗೆ ಕಂಪನಿಯ ಸೀಲು.

"ಒಡೀಲಾ ಸಿಸ್ಟರ್ ವರ್ಡೆಲ್? ಆಮೇಲೆ ನನ್ನ ಬೈಬೇಡಿ."

"ಒಡಿಯೇ ತಾಯಿ."

ಹೆಟ್ಟಿ ಒಳಗೆ ಇಣುಕಿ, ಕಾಳಿನಷ್ಟು ಕಪ್ಪು ತುಣುಕೊಂದನ್ನು ತೋರಿಸಿದಳು. "ಬ್ರದರ್ ಲೂಷಿಯಸ್ ದನಿ ಎಲ್ಲೂ ಹೋಗಿಲ್ಲ. ಬರೀ ಅಂಕಿಗಳಾಗಿ ಒಳಗೆ ಕೂತಿದೆ. ಆ ಅಂಕಿಗಳನ್ನ ಕರೆಂಟಿನ ಏರಿಳಿತ ಮಾಡಿ ಹೊರಗೆ ಕಳಿಸೋದು ಈ ಚಿಪ್. ಡ್ಯಾಕ್ ಅಂತಾರೆ. ಇದೊಂದು ಸುಟ್ಟಿದೆ, ಅಷ್ಟೇ."

"ಇಷ್ಟಕ್ಕೆ ನನ್ನ ಗಂಡನ್ನೇ ಗುಜರಿಗೆ ಹಾಕು ಅಂದ್ರಾ?"

"ನಿಮಗೂ ಒಳ್ಳೇ ಚಾನ್ಸು ತಪ್ಪೋಯ್ತು ಬಿಡಿ."

ಲೂಷಿಯಸ್ ಕೈಯಲ್ಲಿದ್ದ ಕರವಸ್ತ್ರವನ್ನು ಹೆಟ್ಟಿಯ ಮೇಲೆ ಎಸೆದ.

ಚರ್ಚಿನ ಗಾಯಕರ ತಂಡದ ಕೆಟ್ಟ ಕೀಬೋರ್ಡಿನಲ್ಲಿ ಅದೇ ನಂಬರಿನ ಚಿಪ್ ಸಿಕ್ಕಿತು. ಹೆಟ್ಟಿ ಅದನ್ನು ಬೆಸೆಯುತ್ತಿದ್ದಾಗ ವರ್ಡೆಲ್ ತಲೆ ಬಗ್ಗಿಸಿ ನೋಡಿದಳು.

"ಹಾಡೋಕಿದ್ದದ್ದು ಮಾತೂ ಆಡುತ್ತಾ, ತಾಯಿ?"

"ಫೋನಲ್ಲಿ, ಟೀವೀಲಿ, ಕಾರಲ್ಲಿ ಎಲ್ಲಾ ಕಡೆ ಇಂಥದ್ದೇ ದುಡೀತಿರುತ್ತೆ. ಅಂಕಿ ಕೊಟ್ರೆ ಸಾಕು, ಯಾರಪ್ಪಂದು ಅಂತ ಕೇಳಲ್ಲ. ಹಾಗೆ ಕೇಳೋದು ಕಂಪನಿ ಮಾತ್ರ."

ಲೂಷಿಯಸ್ ಅಕ್ಷರ ಒತ್ತಿದ. ಒಂದಿಷ್ಟು ಗೊರಗೊರ. ಆಮೇಲೆ ಅಡುಗೆಮನೆ ತುಂಬಾ ಅವನು.

"ವರ್ಡೆಲ್, ಉಪ್ಪು ಕೊಡೇ."

ಅವಳು ಒಲೆಯ ಕಡೆ ತಿರುಗಿ ಏಪ್ರನ್ನಿನಲ್ಲಿ ಮುಖ ಒತ್ತಿಕೊಂಡಳು. "ಇಷ್ಟು ದಿನ ಆದ್ಮೇಲೆ ಬಾಯಿ ಬಿಟ್ಟು ಉಪ್ಪು ಕೇಳ್ತೀಯಲ್ಲೋ, ಪಾಪಿ!"

ಮುಂದಿನ ವಾರ ಕಂಪನಿಯವನು ಹೊಸ ಯಂತ್ರದ ಪೆಟ್ಟಿಗೆ ಹಿಡಿದು ಬಂದ. ಅದನ್ನು ಮೇಜಿನ ಮೇಲಿಟ್ಟು ಅಲ್ಲಿದ್ದ ಹಳೆಯದನ್ನು ತಿರುಗಿಸಿ ನೋಡಿದ.

"ಸೀಲು ಒಡೆದಿದ್ದೀರಿ. ಕರಾರಿನ ಪ್ರಕಾರ ಇದನ್ನ ಈಗಲೇ ತಗೊಂಡು ಹೋಗ್ಬೇಕು. ಕೊಡಲ್ಲ ಅಂದ್ರೆ ಹೊಸದೂ ಇಲ್ಲ. ನಾಳೆ ಇದು ಮತ್ತೆ ಸುಟ್ರೆ ಕೇಳೋರೂ ಇಲ್ಲ."

ವರ್ಡೆಲ್ ಹೊಸ ಪೆಟ್ಟಿಗೆಯ ಕಡೆ ನೋಡಿದಳು. ಅವನು ಹೇಳಿದ್ದು ಸುಳ್ಳಲ್ಲ. ಗುಜರಿ ಕೀಬೋರ್ಡಿನ ಚಿಪ್ ಎಷ್ಟು ದಿನ ಬಾಳುತ್ತದೋ ಹೆಟ್ಟಿಗೂ ಗೊತ್ತಿಲ್ಲ. ಹೊಸ ಪೆಟ್ಟಿಗೆಯಲ್ಲಿ ಯಾರದೋ ಒಂದು ದನಿಯಾದರೂ ಇದೆ.

ಲೂಷಿಯಸ್ ಯಂತ್ರವನ್ನು ಹತ್ತಿರಕ್ಕೆ ಎಳೆದುಕೊಂಡು ನಿಧಾನವಾಗಿ ಒತ್ತಿದ. "ಕೂತ್ಕೋ ಮಗಾ. ಜೋಳದ ಬ್ರೆಡ್ಡು ಬಿಸಿ ಇದೆ."

ಕಂಪನಿಯವನು ಕೂರಲಿಲ್ಲ. "ಮ್ಯಾಡಮ್, ನೀವಾದ್ರೂ ಇದನ್ನ ಆಫ್ ಮಾಡಿ ಕೊಡಿ."

ವರ್ಡೆಲ್ ಗಂಡನನ್ನು ನೋಡಿದಳು. ಹೊಸ ಪೆಟ್ಟಿಗೆಯನ್ನು ಎತ್ತಿ ಕಂಪನಿಯವನ ಕೈಯಲ್ಲೇ ಇಟ್ಟಳು.

"ಮಾಡಲ್ಲ."