ಸಕ್ಕೂಬಾಯಿಯವರ ಮೂಗು

ಹೊಸ್ತಿಲಲ್ಲಿ ಒಂದು ಗಳಿಗೆ ನಿಂತು, ಮೂಗೆತ್ತಿ, ಒಳಗಿನ ಗಾಳಿಯನ್ನು ಪರೀಕ್ಷಿಸದೆ ಕಮಲಾಪುರದ ಸಕ್ಕೂಬಾಯಿ ಯಾರ ಮನೆಯನ್ನೂ ಹೊಕ್ಕವರಲ್ಲ, ತಮ್ಮ ಮನೆಯನ್ನೂ. ಎಡಗಾಲನ್ನು ತುಸು ಎಳೆಯುತ್ತ, ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಅವರು ಬರುವುದು ಕಂಡರೆ ಓಣಿಯ ಹೆಂಗಸರು ಹಳಸಿದ್ದು ಪಳಸಿದ್ದನ್ನೆಲ್ಲ ಅವಸರದಿಂದ ಹಿತ್ತಲಿಗೆ ಸಾಗಿಸುತ್ತಿದ್ದರು.

ಅರವತ್ತೈದರಲ್ಲಿ ಮೇಲಿನ ದವಡೆಹಲ್ಲು ಹೋಯಿತು. ತೆಗೆದಿಡುವ ಕಟ್ಟುಹಲ್ಲನ್ನು ಅವರು ಖಂಡತುಂಡವಾಗಿ ನಿರಾಕರಿಸಿದರು. "ಬಾಯಾಗಿಂದ ತಗದದ್ದು ಎಂಜಲ. ಅದನ್ನ ಮತ್ತ ಬಾಯಾಗ ಇಟ್ಕೊಂಡು ನಾ ದೇವರ ಅಡಗಿ ಮಾಡ್ಲೇನು, ಗೋಪಾಲ?" ಎಂದು ಮಗನನ್ನೇ ಕೇಳಿದರು. ಹೀಗಾಗಿ ಎರಡು ಸಾವಿರದ ನಾಲ್ಕನೆಯ ಇಸವಿಯಲ್ಲಿ, ಕಲಬುರಗಿಗೆ ಆಗತಾನೆ ಬಂದಿದ್ದ ಹೊಸ ವಿದ್ಯೆಯಂತೆ, ಎಲುಬಿಗೇ ತಿರುಪು ಬಿಗಿದು ಕೂರಿಸಿದ ಹಲ್ಲು ಅವರ ದವಡೆಯೇರಿತು.

ಆರು ತಿಂಗಳಿಗೆ ಅಡಿಗೆಮನೆ ನಾರತೊಡಗಿತು, ಅವರೊಬ್ಬರಿಗೇ. ಸೊಸೆ ಜಾನಕಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು; ವರ್ಷಕ್ಕೆಂದು ಹಾಕಿದ್ದ ಉಪ್ಪಿನಕಾಯಿ ಜಾಡಿಸಮೇತ ತಿಪ್ಪೆ ಸೇರಿತು. ಕೊನೆಗೆ ದ್ವಾದಶಿಯ ಪಾರಣೆಯಂದು, ಎಲೆಗೆ ಕುಳಿತ ಬಂಧುಗಳೆದುರೇ ಸಕ್ಕೂಬಾಯಿ ಮೂಗಿಗೆ ಸೆರಗು ಹಿಡಿದು, "ಇಕಿ ಕೈಯಾಗ ಮಡಿ ಉಳದಿಲ್ಲ. ನಾಳಿಂದ ಒಲಿ ಮುಟ್ಟೋದು ಬ್ಯಾಡ" ಎಂದುಬಿಟ್ಟರು. ಹನ್ನೆರಡು ವರ್ಷ ಆ ಒಲೆಯ ಮುಂದೆ ಬೆಂದಿದ್ದ ಜಾನಕಿ ಸಂಜೆಯ ಬಸ್ಸಿಗೆ ತಾಜಸುಲ್ತಾನಪುರದ ತವರಿಗೆ ಹೊರಟುಹೋದಳು.

ಸೊಸೆ ಹೋದರೂ ನಾತ ಹೋಗಲಿಲ್ಲ. ತಾವೇ ಅಟ್ಟ ಅನ್ನವೂ ನಾರಿತು. ಗಲ್ಲ ನೋವಿನಿಂದ ಸಿಡಿಯಿತು, ಒಂದೇ ಹೊಳ್ಳೆಯಿಂದ ಕೀವು ಇಳಿಯಿತು. ಕಲಬುರಗಿಯ ಮೂಗಿನ ವೈದ್ಯ ಜಹೀರುದ್ದೀನ್ ಸ್ಕ್ಯಾನಿನ ಹಾಳೆಯನ್ನು ಬೆಳಕಿಗೆ ಹಿಡಿದು, "ಅಮ್ಮಾರ, ವಾಸನಿ ಅಡಗಿಮನ್ಯಾಗ ಇಲ್ರೀ. ಹಲ್ಲಿನ ತಿರುಪು ಮೂಗಿಗೆ ಹತ್ತಿದ ಗಲ್ಲದ ಪೊಳ್ಳಿನೊಳಗ ಹೊಕ್ಕದ. ಅಲ್ಲಿ ಬೂಷ್ಟು ಬೆಳದದ" ಎಂದರು.

ಸಕ್ಕೂಬಾಯಿ, "ಹಂಗಾದ್ರ ಉಪ್ಪಿನಕಾಯಿಗೆ ಬೂಷ್ಟು ಹಿಡದಿದ್ದಿಲ್ಲ" ಎಂದಷ್ಟೇ ನುಡಿದರು.

ಶಸ್ತ್ರಕ್ರಿಯೆಯಲ್ಲಿ ಬೂಷ್ಟೂ ಹೋಯಿತು, ಹಲ್ಲೂ ಹೋಯಿತು. ಚೇತರಿಸಿಕೊಂಡವರೇ ತಾಜಸುಲ್ತಾನಪುರಕ್ಕೆ ಹೋಗಿ ಸೊಸೆಯನ್ನು ಕರೆತಂದು, ಅಂದು ಉಂಡ ಬಂಧುಗಳನ್ನೆಲ್ಲ, ಒಬ್ಬರನ್ನೂ ಬಿಡದೆ, ಮತ್ತೆ ಊಟಕ್ಕೆ ಕರೆದರು. ಎಲ್ಲರೂ ಎಲೆಗೆ ಕುಳಿತ ಮೇಲೆ, "ಅವತ್ತ ನಾರಿದ್ದು ಇಕಿ ಅಡಗಿ ಅಲ್ಲ, ನಾನು. ಇಕಿ ಮಡಿ ಚೊಕ್ಕ ಇತ್ತು" ಎಂದರು. ಬಡಿಸುತ್ತಿದ್ದ ಜಾನಕಿ ಅತ್ತಳು.

ಅನ್ಯರ ಹುಳುಕನ್ನು ಮೂಸುತ್ತ ತಿರುಗುವವರನ್ನು ಪ್ರೀತಿಸುವುದು ಸುಲಭವಲ್ಲ. ಅವರ ದೆಸೆಯಿಂದ ಎಷ್ಟೋ ಸೊಸೆಯಂದಿರು ಕಣ್ಣೀರಲ್ಲಿ ಕೈತೊಳೆದಿದ್ದಾರೆ. ಆದರೆ ಅವರಲ್ಲಿ ತೀರ ಕೆಲವರು ಆ ನಿಷ್ಠುರತೆಯಿಂದ ತಮ್ಮನ್ನೂ ಬಿಡುವುದಿಲ್ಲ. ಬೈಗುಳವನ್ನು ನಾಲ್ವರ ಮುಂದೆ ಕೊಟ್ಟು ಕ್ಷಮೆಯನ್ನು ಮೂಲೆಯಲ್ಲಿ ಕೇಳುವ ನಮ್ಮಂಥ ಸಭ್ಯರೊಡನೆ ಬಾಳುವುದಕ್ಕಿಂತ ಅಂಥವರೊಡನೆ ಬಾಳುವುದು ಕಷ್ಟ. ಬಾಳಿದವರು ಮಾತ್ರ ಅವರನ್ನು ಬಿಟ್ಟುಕೊಡುವುದಿಲ್ಲ.